ಎದೆಯ ನೀರು, ತಿಂಗಳ ಲೆಕ್ಕ

ಎದೆಯಲ್ಲಿ ನೀರು ತುಂಬಿದೆ ಎಂದರೆ ನಮ್ಮ ಕಡೆ ಮೊದಲು ಬಾಯಿಗೆ ಬರುವ ಹೆಸರು ಟಿ.ಬಿ. ಅದರಲ್ಲಿ ತಪ್ಪೇನಿಲ್ಲ, ಈ ದೇಶದಲ್ಲಿ ಎದೆನೀರಿಗೆ ಟಿ.ಬಿ. ದೊಡ್ಡ ಕಾರಣಗಳಲ್ಲೊಂದು. ಸೂಜಿ ಹಾಕಿ ನೀರು ತೆಗೆಯುತ್ತಾರೆ, ಟಿ.ಬಿ.ಯ ಸುಳಿವು ಕೊಡುವ ಎ.ಡಿ.ಎ. ಅನ್ನುವ ಪರೀಕ್ಷೆಗೆ ಕಳಿಸುತ್ತಾರೆ, ಅದು 40 ದಾಟಿದರೆ ಆರು ತಿಂಗಳ ಮಾತ್ರೆ ಶುರುವಾಗುತ್ತದೆ. ಬಹಳ ಜನ ಅದರಲ್ಲೇ ಗುಣವಾಗುತ್ತಾರೆ. ಗುಣವಾಗದೆ ಉಳಿಯುವ ಸಣ್ಣ ಗುಂಪಿನೊಳಗೆ ಒಮ್ಮೊಮ್ಮೆ ಮೆಸೊಥೆಲಿಯೋಮಾ ಅಡಗಿ ಕೂತಿರುತ್ತದೆ. ಇದು ಶ್ವಾಸಕೋಶದ ಕ್ಯಾನ್ಸರ್ ಅಲ್ಲ. ಶ್ವಾಸಕೋಶವನ್ನು ಸುತ್ತಿಕೊಂಡಿರುವ ತೆಳು ಪೊರೆಯ ಕ್ಯಾನ್ಸರ್. ಕೆಲವರಲ್ಲಿ ಹೊಟ್ಟೆಯ ಒಳಪೊರೆಯಲ್ಲಿ ಬರುತ್ತದೆ, ತೀರಾ ಅಪರೂಪಕ್ಕೆ ಹೃದಯದ ಪೊರೆಯಲ್ಲಿ.

ವಯಸ್ಸು ಐವತ್ತು ದಾಟಿದೆ, ನೀರು ಒಂದೇ ಮಗ್ಗುಲಲ್ಲಿದೆ, ತೆಗೆದಾಗ ಕೆಂಪಗೆ ಬಂದಿದೆ, ಎರಡು ಮೂರು ವಾರಕ್ಕೆ ಮತ್ತೆ ತುಂಬಿದೆ, ಟಿ.ಬಿ. ಮಾತ್ರೆ ಎರಡು ತಿಂಗಳು ನುಂಗಿದರೂ ತೂಕ ಇಳಿಯುತ್ತಲೇ ಇದೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಇನ್ನೊಂದು ಕೋರ್ಸು ಮಾತ್ರೆ ಕೇಳಬೇಡಿ, ಬಯಾಪ್ಸಿ ಕೇಳಿ. ಎ.ಡಿ.ಎ. ಜಾಸ್ತಿ ಬಂತು, ಆದ್ದರಿಂದ ಟಿ.ಬಿ.ಯೇ ಅನ್ನುವ ವಾದ ಪೂರ್ತಿ ನಿಲ್ಲುವುದಿಲ್ಲ, ಮೆಸೊಥೆಲಿಯೋಮಾದಲ್ಲೂ ಅದು ಕೆಲವೊಮ್ಮೆ ಏರುತ್ತದೆ. ನೀರಿನಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲ ಎಂಬ ರಿಪೋರ್ಟಿಗೂ ನೆಮ್ಮದಿಪಡಬೇಕಾಗಿಲ್ಲ. ಈ ಕಾಯಿಲೆಯಲ್ಲಿ ಬರೀ ನೀರಿನ ಪರೀಕ್ಷೆ ಬಹಳ ಸಲ ಕೈಕೊಡುತ್ತದೆ. ಈ ಕಾಯಿಲೆಯವರಿಗೆ ಕಳೆದುಹೋಗುವ ಅತ್ಯಂತ ಬೆಲೆಬಾಳುವ ತಿಂಗಳುಗಳು ಇಲ್ಲೇ, ಶುರುವಿನಲ್ಲೇ ಹೋಗುತ್ತವೆ.

ಸರಿಯಾದ ದಾರಿ ಥೊರಾಕೊಸ್ಕೊಪಿ. ಪಕ್ಕೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ, ನೀರನ್ನೆಲ್ಲ ತೆಗೆದು, ಪೊರೆಯನ್ನು ಕಣ್ಣಾರೆ ನೋಡಿ ಹಲವು ಕಡೆಯಿಂದ ಚೂರು ತೆಗೆಯುತ್ತಾರೆ. ನೀರು ಮತ್ತೆ ತುಂಬದಂತೆ ಮಾಡುವ ಪುಡಿಯನ್ನು ಅದೇ ಸಲಕ್ಕೆ ಹಾಕಿ ಮುಗಿಸುವ ಸಾಧ್ಯತೆಯೂ ಇರುತ್ತದೆ, ಹಾಗಾಗಿ ಮುಂಚೆಯೇ ಕೇಳಿಡಬೇಕು. ತೆಗೆದ ಚೂರಿಗೆ, ಕ್ಯಾನ್ಸರ್ ಕಣ ಯಾವ ಮೂಲದ್ದೆಂದು ತೋರಿಸುವ ಇಮ್ಯುನೊ ಬಣ್ಣಗಳ ಪರೀಕ್ಷೆ ಆಗಲೇಬೇಕು. ಕ್ಯಾಲ್‌ರೆಟಿನಿನ್, ಡಬ್ಲ್ಯು.ಟಿ.1 ಮುಂತಾದವು ಪಾಸಿಟಿವ್ ಬಂದು, ಟಿ.ಟಿ.ಎಫ್.1ರಂಥ ಶ್ವಾಸಕೋಶ ಕ್ಯಾನ್ಸರಿನ ಗುರುತುಗಳು ನೆಗೆಟಿವ್ ಬಂದರೆ ಹೆಸರು ಗಟ್ಟಿಯಾಗುತ್ತದೆ. ಒಂದೇ ಬಣ್ಣ ನೋಡಿ ಬರೆದ ರಿಪೋರ್ಟಿನ ಮೇಲೆ ಯಾರೂ ಕೀಮೋ ಶುರುಮಾಡಿಸಿಕೊಳ್ಳಬಾರದು.

ಮೇಣದಲ್ಲಿ ಹುದುಗಿಸಿಟ್ಟ ಆ ಚೂರಿಗೆ ಲ್ಯಾಬಿನವರು ಬ್ಲಾಕ್ ಅನ್ನುತ್ತಾರೆ. ಬರಹದಲ್ಲಿ ಅರ್ಜಿ ಕೊಟ್ಟರೆ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿಗೋ ಮಣಿಪಾಲಕ್ಕೋ ಎರಡನೆಯ ಅಭಿಪ್ರಾಯಕ್ಕೆ ಹೋಗುವವರು ರಿಪೋರ್ಟಿನ ಜೆರಾಕ್ಸ್ ಮಾತ್ರ ಹಿಡಿದು ಹೋಗಿ, ಬ್ಲಾಕ್ ತನ್ನಿ ಅನ್ನಿಸಿಕೊಂಡು ಬರಿಗೈಯಲ್ಲಿ ವಾಪಸಾಗುವುದುಂಟು. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ಎದೆಯಲ್ಲಿ ನೀರಿಟ್ಟುಕೊಂಡು ಆ ದಾರಿ ಎರಡು ಸಲ ಸವೆಸುವುದು ಬೇಡ.

ರಿಪೋರ್ಟಿನಲ್ಲಿ ಹುಡುಕಬೇಕಾದ್ದು ಕಾಯಿಲೆಯ ಬಗೆ ಹೇಳುವ ಒಂದೇ ಪದ: ಎಪಿಥೀಲಿಯಾಯ್ಡ್, ಸಾರ್ಕೊಮಟಾಯ್ಡ್, ಅಥವಾ ಎರಡೂ ಬೆರೆತ ಬೈಫೇಸಿಕ್. ಮೊದಲನೆಯದು ತುಸು ನಿಧಾನಿ, ಎರಡನೆಯದು ಉಗ್ರ. ಮುಂದೆ ಔಷಧ ಆರಿಸುವಾಗ, ತೋಟ ಮಾರಬೇಕೋ ಬೇಡವೋ ಅನ್ನುವಾಗಲೂ ಈ ಪದವೇ ಎದುರಿಗೆ ಬಂದು ನಿಲ್ಲುತ್ತದೆ.

ಕಾರಣ ಹೆಚ್ಚಿನವರಲ್ಲಿ ಆಸ್ಬೆಸ್ಟಾಸ್ ನಾರು. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು ಗಣಿ ಸೀಮೆಯ 33 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಈ ನಂಟು ಜಗತ್ತಿಗೆ ಸ್ಪಷ್ಟವಾಯಿತು. ಕಣ್ಣಿಗೆ ಕಾಣದ ನಾರು ಒಳಗೆ ಹೋಗಿ 20ರಿಂದ 50 ವರ್ಷ ಸುಮ್ಮನಿರುತ್ತದೆ. ಹಾಗಾಗಿ ಈಗ ಏನು ಕೆಲಸ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಎಪ್ಪತ್ತರ ಹಿರಿಯರು ಈಗ ಅಡಿಕೆ ಸುಲಿಸುತ್ತ ಜಗುಲಿಯಲ್ಲಿ ಕೂತಿರಬಹುದು. ಇಪ್ಪತ್ತೈದನೇ ವಯಸ್ಸಿನಲ್ಲಿ ಅವರು ಬಾಯ್ಲರ್ ಕೊಳವೆಗೆ ಬಿಳಿ ಹಗ್ಗ ಸುತ್ತಿದ್ದರೇ, ಲಾರಿ ಗ್ಯಾರೇಜಿನಲ್ಲಿ ಬ್ರೇಕ್ ಲೈನರ್ ಉಜ್ಜಿದ್ದರೇ, ಸಿಮೆಂಟ್ ಶೀಟು ಕೊಯ್ದಿದ್ದರೇ, ಗ್ಯಾಸ್ಕೆಟ್ ಕತ್ತರಿಸಿದ್ದರೇ ಎಂಬುದು ಪ್ರಶ್ನೆ. ಅವರ ಕೆಲಸದ ಬಟ್ಟೆ ಕೊಡವಿ ಒಗೆದ ಹೆಂಡತಿಗೂ ಈ ಕಾಯಿಲೆ ಬಂದ ಉದಾಹರಣೆಗಳು ಲೋಕದಲ್ಲಿ ಸಾಕಷ್ಟಿವೆ. ಒಂದು ಹಾಳೆಯಲ್ಲಿ ಇಸವಿ, ಊರು, ಕೆಲಸ ಅಂತ ಮೂರು ಸಾಲು ಎಳೆದು ಬರೆದಿಡಿ. ಡಾಕ್ಟರಿಗೂ ಬೇಕು, ಪರಿಹಾರಕ್ಕೂ ಬೇಕು. ಎಷ್ಟು ಕೆದಕಿದರೂ ಕಾರಣ ಸಿಗದವರೂ ಇರುತ್ತಾರೆ. ಅವರಿಗೆ ಚಿಕಿತ್ಸೆಯೇನೂ ಬೇರೆಯಾಗುವುದಿಲ್ಲ.

ಎಷ್ಟು ತಿಂಗಳು?

ಇದು ಎಲ್ಲರೂ ಕೇಳುವ ಪ್ರಶ್ನೆ, ರೋಗಿಯನ್ನು ಆಚೆ ಕಳಿಸಿ ಕೇಳುವ ಪ್ರಶ್ನೆ. ಉತ್ತರವಾಗಿ ಬರುವುದು ಮೀಡಿಯನ್ ಅನ್ನುವ ಸಂಖ್ಯೆ. ನೂರು ಜನರನ್ನು ಬದುಕಿದ ಅವಧಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರ ತಿಂಗಳು ಅದು. ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದವರು, ಅವರಲ್ಲಿ ಕೆಲವರು ವರ್ಷಗಟ್ಟಲೆ. ಮನೆಗೆ ಬರುವಷ್ಟರಲ್ಲಿ ಈ ಸಂಖ್ಯೆ ಗಡುವಾಗಿ ಬದಲಾಗಿರುತ್ತದೆ: ‘ಹನ್ನೆರಡು ತಿಂಗಳಂತೆ.’ ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ, ನಲವತ್ತರ ವಯಸ್ಸಿಗೆ, ಹೊಟ್ಟೆಯ ಮೆಸೊಥೆಲಿಯೋಮಾ ಬಂತು. ಆಗಿನ ಮೀಡಿಯನ್ 8 ತಿಂಗಳು. ಅವರು ಅಂಕಿಸಂಖ್ಯೆ ಬಲ್ಲವರಾದ್ದರಿಂದ, ಸಾಲಿನ ಬಲತುದಿ ಎಷ್ಟು ಉದ್ದ ಚಾಚಿದೆ, ತಾನು ಅಲ್ಲಿ ನಿಲ್ಲಲು ಕಾರಣಗಳಿವೆಯೇ ಎಂದು ನೋಡಿದರು. ಇನ್ನೂ ಇಪ್ಪತ್ತು ವರ್ಷ ಬದುಕಿ 2002ರಲ್ಲಿ ತೀರಿಕೊಂಡರು, ಅದೂ ಬೇರೆ ಕ್ಯಾನ್ಸರಿನಿಂದ. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ, ಅವರದು ಹೊಟ್ಟೆಯದು, ವಯಸ್ಸು ಚಿಕ್ಕದು. ಅವರು ಕೇಳಿಕೊಂಡ ಪ್ರಶ್ನೆಯನ್ನು ಮಾತ್ರ ಯಾರು ಬೇಕಾದರೂ ಕೇಳಿಕೊಳ್ಳಬಹುದು: ನಾನು ಸಾಲಿನಲ್ಲಿ ಎಲ್ಲಿ ನಿಂತಿದ್ದೇನೆ?

ಕಾಯಿಲೆಯ ಬಗೆ, ಹಂತ, ವಯಸ್ಸು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದೂ ಒಂದಿದೆ. ಕ್ಯಾನ್ಸರ್ ಡಾಕ್ಟರುಗಳು ರೋಗಿ ಒಳಗೆ ಕಾಲಿಟ್ಟ ಕೂಡಲೇ ಮನಸ್ಸಿನಲ್ಲೇ 0ಯಿಂದ 4ರವರೆಗೆ ಒಂದು ಅಂಕ ಹಾಕುತ್ತಾರೆ. ಎಂದಿನಂತೆ ಇದ್ದರೆ 0. ಭಾರದ ಕೆಲಸ ಆಗದಿದ್ದರೂ ಸಣ್ಣಪುಟ್ಟ ಕೆಲಸ ನಡೆಯುತ್ತಿದ್ದರೆ 1. ಕೆಲಸ ಆಗದಿದ್ದರೂ ತನ್ನ ಸ್ನಾನ ಊಟ ತಾನೇ ಮಾಡಿಕೊಂಡು, ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಹಾಸಿಗೆಯಿಂದ ಹೊರಗಿದ್ದರೆ 2. ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆದರೆ 3. ಸಾಮಾನ್ಯವಾಗಿ 3ಕ್ಕೆ ಜಾರಿದವರಿಗೆ ಕೀಮೋ ಕೊಡಲು ಹಿಂಜರಿಯುತ್ತಾರೆ, ಔಷಧವೇ ಅವರನ್ನು ಕೆಡವೀತು ಎಂಬ ಭಯ. ಅಂದರೆ ನೀರು ತುಂಬಿ, ನೋವು ತಾಳಲಾರದೆ, ಊಟ ಬಿಟ್ಟು ಮಲಗಿದ ಒಂದು ತಿಂಗಳು ರೋಗಿಯನ್ನು ಔಷಧದ ಬಾಗಿಲಿನಿಂದಲೇ ಹೊರಗೆ ನಿಲ್ಲಿಸಬಲ್ಲದು. ಹೆಚ್ಚು ದಿನ ಬದುಕುವುದು ಬೇರೆ, ಚೆನ್ನಾಗಿ ಬದುಕುವುದು ಬೇರೆ ಎಂದು ಇದನ್ನು ಎರಡು ಪಾಲು ಮಾಡಲಾಗದು. ನೀರು, ನೋವು, ಊಟ ಇವನ್ನು ನೋಡಿಕೊಳ್ಳುವುದೇ ಅರ್ಧ ಚಿಕಿತ್ಸೆ.

ಕೀಮೋದ ಸುತ್ತಮುತ್ತ

ಎದೆಯ ಮೆಸೊಥೆಲಿಯೋಮಾಕ್ಕೆ ಇಂದಿಗೂ ಎಲ್ಲೆಡೆ ಸಿಗುವ ಮೊದಲ ಔಷಧ ಜೋಡಿ ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್, 21 ದಿನಕ್ಕೊಮ್ಮೆ, ಸಾಮಾನ್ಯವಾಗಿ ನಾಲ್ಕರಿಂದ ಆರು ಸಲ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಸ್‌ಪ್ಲಾಟಿನ್ ಒಂದನ್ನೇ ಪಡೆದವರ ಮೀಡಿಯನ್ 9.3 ತಿಂಗಳು, ಜೋಡಿ ಪಡೆದವರದು 12.1. ಆ ಪ್ರಯೋಗದಿಂದಲೇ ಇನ್ನೊಂದು ಪಾಠವೂ ಬಂತು. ಶುರುವಿನಲ್ಲಿ ವಿಟಮಿನ್ ಕೊಡದೆ ಪೆಮೆಟ್ರೆಕ್ಸೆಡ್ ಹಾಕಿದಾಗ ರಕ್ತಕಣ ಕುಸಿದು, ಬಾಯಿಹುಣ್ಣು, ಭೇದಿ ವಿಪರೀತವಾದವು. ನಡುವೆ ವಿಟಮಿನ್ ಸೇರಿಸಿದ ಮೇಲೆ ಕಡಿಮೆಯಾದವು. ಆದ್ದರಿಂದ ವಿಟಮಿನ್ನನ್ನು ‘ಶಕ್ತಿ ಮಾತ್ರೆ’ ಎಂದು ಉದಾಸೀನ ಮಾಡಬಾರದು, ಅದು ಈ ಔಷಧದ್ದೇ ಭಾಗ. ಫೋಲಿಕ್ ಆಸಿಡ್ ಮೊದಲ ಡೋಸಿಗೆ ಐದರಿಂದ ಏಳು ದಿನ ಮುಂಚೆ ಶುರುವಾಗಿ ಕೊನೆಯ ಡೋಸಾದ 21 ದಿನದವರೆಗೆ ದಿನಾ. ಬಿ12 ಇಂಜೆಕ್ಷನ್ 1000 ಮೈಕ್ರೋಗ್ರಾಂ, ಮೊದಲ ಡೋಸಿನ ಹಿಂದಿನ ವಾರ, ಆಮೇಲೆ ಒಂಬತ್ತು ವಾರಕ್ಕೊಮ್ಮೆ. ಫೋಲಿಕ್ ಆಸಿಡ್ ಬೇಕಾಗುವುದು ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ. ನಮ್ಮ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೈಗೆ ಬರುವುದು ಬಹುತೇಕ 5 ಮಿಲಿಗ್ರಾಂನದು, ಅಂದರೆ 5000 ಮೈಕ್ರೋಗ್ರಾಂ. ಪಟ್ಟಿಯ ಹಿಂಬದಿಯ ಅಂಕಿ ನೋಡಿ, ಬರೆದುಕೊಟ್ಟವರನ್ನು ಕೇಳಿ, ಆಮೇಲೆ ಕೊಳ್ಳಿ.

ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಮಾತ್ರೆ 4 ಮಿಲಿಗ್ರಾಂ ದಿನಕ್ಕೆರಡು ಸಲ, ಕೀಮೋದ ಹಿಂದಿನ ದಿನ, ಆ ದಿನ, ಮರುದಿನ. ಇದು ತಪ್ಪಿದರೆ ಮೈತುಂಬ ಕೆಂಪು ಗಂದೆ ಏಳಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಮೂರು ದಿನ ಸಕ್ಕರೆ ಏರುವುದು ಖಂಡಿತ, ಗ್ಲೂಕೋಮೀಟರ್ ಕೈಗೆಟಕುವಲ್ಲಿರಲಿ. ಸಿಸ್‌ಪ್ಲಾಟಿನ್ನಿಗೆ ಕಿಡ್ನಿಯ ಮೇಲೆ ಕಣ್ಣು. ಅದಕ್ಕೇ ಮುಂಚೆ ಮತ್ತು ನಂತರ ಬಾಟಲಿಗಟ್ಟಲೆ ಸಲೈನ್ ಹರಿಸುತ್ತಾರೆ. ಮನೆಗೆ ಬಂದಮೇಲೂ ಎರಡು ಮೂರು ದಿನ ಎರಡು ಲೀಟರಿಗೆ ಕಡಿಮೆಯಾಗದಂತೆ ನೀರು, ಗಂಜಿತಿಳಿ, ಮಜ್ಜಿಗೆ ಹೋಗುತ್ತಿರಲಿ. ಹೃದಯದ ತೊಂದರೆಯವರು ಮಾತ್ರ ಪ್ರಮಾಣವನ್ನು ಡಾಕ್ಟರಲ್ಲಿ ಕೇಳಿ ಕುಡಿಯಬೇಕು. ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ಬೆರಳ ತುದಿ ಜೋಮು ಹಿಡಿದರೆ ಮುಂದಿನ ಸಲಕ್ಕೆ ಕಾಯದೆ ಹೇಳಿ, ಕಾರ್ಬೊಪ್ಲಾಟಿನ್ನಿಗೆ ಬದಲಾಯಿಸುವ ದಾರಿ ಇದೆ.

ಹಳ್ಳಿಗಳಲ್ಲಿ ನಡೆಯುವ ತಪ್ಪೊಂದಿದೆ. ಕೀಮೋ ಮುಗಿಸಿ ಬಂದವರಿಗೆ ಮೈಕೈ ನೋವು, ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಡೈಕ್ಲೋಫೆನಾಕ್ ಚುಚ್ಚಿಸಿಕೊಂಡು ಬರುತ್ತಾರೆ. ಪೆಮೆಟ್ರೆಕ್ಸೆಡ್ ದೇಹದಿಂದ ಹೊರಗೆ ಹೋಗುವುದೇ ಕಿಡ್ನಿಯ ಮೂಲಕ. ಇಂಥ ನೋವಿನ ಔಷಧ ಆ ದಾರಿಯನ್ನು ಅಡ್ಡಗಟ್ಟಿದರೆ ಕೀಮೋ ರಕ್ತದಲ್ಲಿ ನಿಂತು ವಿಷವಾಗುತ್ತದೆ. ಡೋಸಿನ ಹಿಂದೆ ಮುಂದೆ ಎರಡೆರಡು ದಿನವಂತೂ ಇಬುಪ್ರೊಫೆನ್ ಜಾತಿಯ ಮಾತ್ರೆ ಮುಟ್ಟದಿರುವುದು ಲೇಸು. ಕಿಡ್ನಿ ಸ್ವಲ್ಪ ಸೊರಗಿದವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಪ್ಯಾರಾಸಿಟಮಾಲ್ ಆದೀತು, ಆದರೆ ಅದನ್ನು ನುಂಗುವ ಮೊದಲು ಜ್ವರ ಅಳೆದು ಬರೆದಿಡಬೇಕು. ಜ್ವರ ಮುಚ್ಚಿಹೋದರೆ ಅಪಾಯವೂ ಕಾಣದೆ ಹೋಗುತ್ತದೆ.

ಏಕೆಂದರೆ ಕೀಮೋ ಆದ ಏಳನೇ ದಿನದಿಂದ ಹದಿನಾಲ್ಕರವರೆಗೆ ಬಿಳಿ ರಕ್ತಕಣ ತಳ ಹಿಡಿದಿರುತ್ತದೆ. ಆಗ 100.4 ಡಿಗ್ರಿ ಮುಟ್ಟಿದ ಜ್ವರ ಬೆಳಿಗ್ಗೆವರೆಗೆ ಕಾಯುವ ಜ್ವರವಲ್ಲ. ರಾತ್ರಿ ಎರಡಾದರೂ ಹೊರಡಬೇಕು. ಹೊಸನಗರ, ಬಿದನೂರು ನಗರದ ಆಚೆಯ ಒಂಟಿಮನೆಗಳಿಂದ ದೊಡ್ಡ ಆಸ್ಪತ್ರೆ ಎರಡು ಗಂಟೆಯ ದಾರಿ ಎಂದಾದರೆ, ಆ ವಾರದ ವಾಹನ ಯಾರದು, ನಂಬರು ಯಾವುದು ಎಂದು ಮುಂಚೆಯೇ ನಿಕ್ಕಿ ಮಾಡಿಟ್ಟುಕೊಳ್ಳಿ. ಯಾವ ಔಷಧ, ಯಾವ ತಾರೀಕು ಎಂದು ಬರೆದ ಚೀಟಿ ಕಿಸೆಯಲ್ಲಿರಲಿ. ಮಲೆನಾಡಿನಲ್ಲಿ ಇನ್ನೊಂದು ತೊಡಕೂ ಇದೆ. ಡಿಸೆಂಬರಿನಿಂದ ಮೇವರೆಗೆ ಜ್ವರ ಅಂದರೆ ಮಂಗನ ಕಾಯಿಲೆಯ ಶಂಕೆ ಸಹಜ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ಕಾಯಿಲೆಯಲ್ಲೂ ಬಿಳಿಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಮಳೆಗಾಲದಲ್ಲಿ ಗದ್ದೆಯ ಇಲಿಜ್ವರ. ಅವುಗಳ ಪರೀಕ್ಷೆಯೂ ಆಗಲಿ, ಆದರೆ ಆ್ಯಂಟಿಬಯಾಟಿಕ್ ಡ್ರಿಪ್ ಅದಕ್ಕಾಗಿ ಕಾಯಬಾರದು. ಕೀಮೋ ತಿಂಗಳುಗಳಲ್ಲಿ ಕಾಡಿನ ಒಣ ದರಗೆಲೆ ಗುಡಿಸುವುದು, ಸೊಪ್ಪು ತರುವುದು ಬೇರೆಯವರ ಪಾಲಿಗಿರಲಿ. ಮಂಗನ ಕಾಯಿಲೆ ಹರಡುವ ಉಣುಗು ಕಚ್ಚಿಸಿಕೊಳ್ಳಲು ಇದು ಕಾಲವಲ್ಲ.

ತೋಟ ಮಾರುವ ಮೊದಲು

ದೇಹದ ರಕ್ಷಣಾಪಡೆಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೊಥೆರಪಿ ಬಂದ ಮೇಲೆ ಚಿತ್ರ ಸ್ವಲ್ಪ ಬದಲಾಗಿದೆ. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಪ್ರಯೋಗದಲ್ಲಿ ಕೀಮೋದವರ ಮೀಡಿಯನ್ 14.1 ತಿಂಗಳಾದರೆ ಈ ಜೋಡಿಯವರದು 18.1. ಆದರೆ ಆ ಅಂಕಿಯನ್ನು ಬಿಡಿಸಿ ನೋಡಬೇಕು. ಎಪಿಥೀಲಿಯಾಯ್ಡ್ ಅಲ್ಲದ ಉಗ್ರ ಬಗೆಗಳಲ್ಲಿ 8.8ರಿಂದ 18.1ಕ್ಕೆ, ಅಂದರೆ ದುಪ್ಪಟ್ಟು. ಎಪಿಥೀಲಿಯಾಯ್ಡಿನಲ್ಲಿ ಅಂತರ ಸುಮಾರು ಎರಡು ತಿಂಗಳಿನದು. ಖರ್ಚು ಲಕ್ಷಗಳಲ್ಲಿ. ಹಾಗಾಗಿ ಸಾರ್ಕೊಮಟಾಯ್ಡ್ ರೋಗಿಯ ಮನೆಯವರು ಸಾಲ ಮಾಡಿಯಾದರೂ ಇದನ್ನು ಕೊಡಿಸುವುದಕ್ಕೆ ಆಧಾರವಿದೆ. ಎಪಿಥೀಲಿಯಾಯ್ಡಿನವರು ಫಲಕ್ಕೆ ಬಂದ ತೋಟ ಮಾರಿ ಇದರ ಹಿಂದೆ ಓಡುವ ಮೊದಲು ಒಂದು ದಿನ ಕೂತು ಯೋಚಿಸಬೇಕು. ಕಂಪನಿಗಳ ನೆರವಿನ ಯೋಜನೆ ಇದೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರಲ್ಲಿ ವಿಚಾರಿಸಬೇಕು. ಈ ಔಷಧದ ಅಡ್ಡಪರಿಣಾಮವೂ ಬೇರೆ ಜಾತಿಯದು. ದಿನಕ್ಕೆ ನಾಲ್ಕು ಸಲ ಹೆಚ್ಚಾಗಿ ಭೇದಿಯಾದರೆ, ಹೊಸದಾಗಿ ಒಣಕೆಮ್ಮು, ದಮ್ಮು ಶುರುವಾದರೆ ಅದು ದೇಹದ ರಕ್ಷಣಾಪಡೆ ತನ್ನ ಮನೆಯ ಮೇಲೇ ತಿರುಗಿಬಿದ್ದ ಸೂಚನೆ. ದಾಳಿಂಬೆ ಸಿಪ್ಪೆ ಕಷಾಯ ಕುಡಿದು ನಾಲ್ಕು ದಿನ ನೋಡುವಂಥದ್ದಲ್ಲ, ಸ್ಟೆರಾಯ್ಡ್ ಬೇಕಾಗುತ್ತದೆ.

ದೊಡ್ಡ ಆಪರೇಷನ್ ಬಗ್ಗೆ ನಮ್ಮ ಜನರಲ್ಲಿ ‘ಕೊಯ್ದು ತೆಗೆದರೆ ಹೋಯಿತಲ್ಲ’ ಎಂಬ ನಂಬಿಕೆ ಗಟ್ಟಿ. ಎದೆಯ ಮೆಸೊಥೆಲಿಯೋಮಾ ಗಡ್ಡೆಯಾಗಿ ಒಂದೆಡೆ ಕೂರುವುದಿಲ್ಲ, ಪಾಚಿಯ ಹಾಗೆ ಪೊರೆಯುದ್ದಕ್ಕೂ ಹಬ್ಬುತ್ತದೆ. ಬ್ರಿಟನ್ನಿನ ಮಾರ್ಸ್-2 ಪ್ರಯೋಗದಲ್ಲಿ, ಕೀಮೋ ಜೊತೆಗೆ ಪೊರೆ ಸುಲಿಯುವ ದೊಡ್ಡ ಶಸ್ತ್ರಚಿಕಿತ್ಸೆ ಆದವರ ಮೀಡಿಯನ್ 19.3 ತಿಂಗಳು, ಬರೀ ಕೀಮೋದವರದು 24.8. ತೊಂದರೆಗಳೂ ಆಪರೇಷನ್ ಆದವರಿಗೇ ಹೆಚ್ಚು. ಹೊಟ್ಟೆಯ ಮೆಸೊಥೆಲಿಯೋಮಾದ ಲೆಕ್ಕ ಬೇರೆ. ಅಲ್ಲಿ ಗಡ್ಡೆಗಳನ್ನು ಕೆರೆದು ತೆಗೆದು ಹೊಟ್ಟೆಯೊಳಗೇ ಬಿಸಿ ಕೀಮೋ ಆಡಿಸುವ ಹೈಪೆಕ್ ಚಿಕಿತ್ಸೆಯಿಂದ, ತಕ್ಕ ರೋಗಿಗಳು ಹಲವು ವರ್ಷ ಬದುಕಿದ್ದಾರೆ. ಅನುಭವವಿರುವ ತಂಡ ಸಿಗಬೇಕು, ಅಷ್ಟೆ.

ನೀರು

ಅಡಿಕೆ ತೋಟದಲ್ಲಿ ಬಸಿಗಾಲುವೆ ಮುಚ್ಚಿಹೋದರೆ ಗೊಬ್ಬರ ಎಷ್ಟು ಹಾಕಿದರೂ ಬೇರು ಕೊಳೆಯುತ್ತದೆ. ಎದೆಯಲ್ಲೂ ಹಾಗೇ, ನೀರು ನಿಂತಿರುವಾಗ ಮಿಕ್ಕ ಯಾವ ಉಪಚಾರವೂ ಹತ್ತುವುದಿಲ್ಲ. ಸೂಜಿಯಿಂದ ಒಮ್ಮೆಗೆ ಒಂದರಿಂದ ಒಂದೂವರೆ ಲೀಟರ್ ತೆಗೆದು ನಿಲ್ಲಿಸುವುದು ವಾಡಿಕೆ. ‘ಎಲ್ಲಾ ತೆಗೆದುಬಿಡಿ’ ಎಂದು ಒತ್ತಾಯಿಸಬೇಡಿ. ಮುದುಡಿದ್ದ ಶ್ವಾಸಕೋಶ ಗಕ್ಕನೆ ಹಿಗ್ಗಿದರೆ ಅದರೊಳಗೇ ನೀರಾಡಿ ಉಸಿರು ಕಟ್ಟುತ್ತದೆ. ಹೀಗೆ ಸೂಜಿ ಹಾಕಿಸಿಕೊಳ್ಳುವುದು ಒಂದೆರಡು ಸಲಕ್ಕೆ ಸರಿ. ಎರಡು ವಾರಕ್ಕೊಮ್ಮೆ ಬಸ್ಸು ಹತ್ತುವ ಪರಿಸ್ಥಿತಿ ಬಂದರೆ ಶಾಶ್ವತ ಏರ್ಪಾಡು ಬೇಕು.

ಅದಕ್ಕೆ ಎರಡು ದಾರಿ. ಒಂದು, ಶುದ್ಧೀಕರಿಸಿದ ಟಾಲ್ಕ್ ಪುಡಿ, ಸಾಮಾನ್ಯವಾಗಿ 4 ಗ್ರಾಂ, ಹಾಕಿ ಎರಡು ಪೊರೆಗಳನ್ನು ಅಂಟಿಸಿಬಿಡುವುದು. ಒಂದೆರಡು ದಿನ ಜ್ವರ, ನೋವು ಬರುವುದು ನಿರೀಕ್ಷಿತ. ಆದರೆ ನೀರು ತೆಗೆದಮೇಲೆ ಶ್ವಾಸಕೋಶ ಪೂರ್ತಿ ಹಿಗ್ಗಿ ಎದೆಗೋಡೆಗೆ ತಾಗಿದರೆ ಮಾತ್ರ ಅಂಟು ಹಿಡಿಯುತ್ತದೆ. ಗಡ್ಡೆಯ ಪೊರೆ ಶ್ವಾಸಕೋಶವನ್ನು ಬಿಗಿದಿಟ್ಟಿದ್ದರೆ ಪುಡಿ ಹಾಕಿ ಪ್ರಯೋಜನವಿಲ್ಲ. ನೀರು ತೆಗೆದ ನಂತರದ ಎಕ್ಸ್‌ರೇ ನೋಡಿ ಇದನ್ನು ನಿರ್ಧರಿಸುತ್ತಾರೆ. ಅಂಥವರಿಗೆ ಎರಡನೆಯ ದಾರಿ: ಚರ್ಮದಡಿ ಹಾಯಿಸಿ ಕೂರಿಸುವ ಮೆತ್ತನೆಯ ಪೈಪು, ತುದಿಯಲ್ಲಿ ಕವಾಟ. ಮನೆಯಲ್ಲೇ ದಿನ ಬಿಟ್ಟು ದಿನ ಬಾಟಲಿಗೆ ಜೋಡಿಸಿ ತೆಗೆಯಬಹುದು, ಒಂದು ಸಲಕ್ಕೆ ಒಂದು ಲೀಟರಿನೊಳಗೆ. ಕೆಮ್ಮು ಬಂದರೆ, ಎದೆ ಹಿಂಡಿದಂತಾದರೆ ಅಲ್ಲಿಗೆ ನಿಲ್ಲಿಸಬೇಕು. ದಮ್ಮು ಇಳಿಸುವುದರಲ್ಲಿ ಎರಡೂ ದಾರಿಗಳು ಹೆಚ್ಚುಕಡಿಮೆ ಸಮ ಎಂದು 2012ರ ಪ್ರಯೋಗ ತೋರಿಸಿತು. ದೊಡ್ಡ ಆಸ್ಪತ್ರೆ ದೂರವಿರುವ ಮನೆಗೆ ಪೈಪೇ ಅನುಕೂಲ ಅನ್ನಿಸುತ್ತದೆ. ಆದರೆ ಕೈ ತೊಳೆದು, ಕೈಗವಸು ಹಾಕಿ, ಪೈಪಿನ ಬಾಯಿ ಮುಟ್ಟದೆ ಜೋಡಿಸುವ ಶಿಸ್ತಿನ ಒಬ್ಬರು ಮನೆಯಲ್ಲಿರಬೇಕು. ಮಗಳೋ ಸೊಸೆಯೋ ಡಿಸ್ಚಾರ್ಜಿಗೆ ಮುಂಚೆ ನರ್ಸಿನ ಎದುರು ಎರಡು ಸಲ ತಾವೇ ಮಾಡಿ ತೋರಿಸಿ ಬರಬೇಕು.

ಪೈಪಿಗೆ ಮಲೆನಾಡಿನ ಶತ್ರು ಮಳೆಗಾಲ. ಆಗ ಬಟ್ಟೆ ಒಣಗುವುದಿಲ್ಲ, ಮೈ ಒಣಗುವುದಿಲ್ಲ, ಅಂಟುಪಟ್ಟಿಯ ಅಡಿ ಚರ್ಮ ನೆನೆದು ಬಿಳಿಚುತ್ತದೆ. ವಾರಕ್ಕೊಮ್ಮೆ ಬದಲಿಸುವ ಡ್ರೆಸ್ಸಿಂಗನ್ನು ಒದ್ದೆಯಾದಾಗಲೆಲ್ಲ ಬದಲಿಸಬೇಕು. ಬಚ್ಚಲಲ್ಲಿ ಹಂಡೆ ನೀರು ತಲೆಯ ಮೇಲೆ ಸುರಿದುಕೊಳ್ಳುವ ಸುಖವನ್ನು ಸದ್ಯಕ್ಕೆ ಬಿಟ್ಟು, ಸೊಂಟದ ಕೆಳಗೆ ಸ್ನಾನ, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಪೈಪಿನ ಬುಡ ಕೆಂಪಾಗಿ ಬಿಸಿಯಾದರೆ, ಬರುವ ನೀರು ಮಬ್ಬಾಗಿ ವಾಸನೆ ಬಂದರೆ, ಒಮ್ಮೆಲೇ ನಿಂತರೂ ದಮ್ಮು ಇಳಿಯದಿದ್ದರೆ ತೋರಿಸಬೇಕು. ಪ್ರತಿ ಸಲದ ಪ್ರಮಾಣ, ಬಣ್ಣ ಬರೆದಿಡಿ. ಸತತ ಮೂರು ಸಲ 50 ಮಿಲಿಲೀಟರಿಗಿಂತ ಕಡಿಮೆ ಬಂದರೆ, ದಮ್ಮೂ ಇಲ್ಲದಿದ್ದರೆ, ಪೊರೆ ತಾನೇ ಅಂಟಿಕೊಂಡಿರಬಹುದು, ಪೈಪು ತೆಗೆಸುವ ಮಾತಾಡಬಹುದು.

ಉಸಿರು, ನೋವು, ತುತ್ತು

ಬೀಸಣಿಗೆ ಇಲ್ಲಿ ನಿಜವಾದ ಔಷಧ. ಕೈಯಲ್ಲಿ ಹಿಡಿಯುವ ಸಣ್ಣ ಬ್ಯಾಟರಿ ಫ್ಯಾನನ್ನು ಮುಖದಿಂದ ಒಂದು ಗೇಣು ದೂರ ಹಿಡಿದು ಮೂಗು, ಕೆನ್ನೆಗೆ ಗಾಳಿ ಬಿಟ್ಟುಕೊಂಡರೆ ಅಲ್ಲಿನ ನರಗಳ ಮೂಲಕ ಮಿದುಳಿಗೆ ಉಸಿರಿನ ಹಸಿವು ತಗ್ಗಿದಂತೆ ಅನಿಸುತ್ತದೆ. ಫ್ಯಾನಿಲ್ಲದಿದ್ದರೆ ಅಡಿಕೆ ಹಾಳೆಯ ಬೀಸಣಿಗೆ, ಬೀಸುವ ಕೈ ರೋಗಿಯದಾಗದಿರಲಿ. ಮೇಜಿಗೆ ಮೊಣಕೈ ಊರಿ ಮುಂದಕ್ಕೆ ಬಾಗಿ ಕೂರುವುದು, ತುಟಿ ಸಣ್ಣಗೆ ಮಾಡಿ ನಿಧಾನ ಉಸಿರು ಬಿಡುವುದು, ಮೆಟ್ಟಿಲೇರುವಾಗ ಕಾಲೆತ್ತುವ ಕ್ಷಣಕ್ಕೆ ಉಸಿರು ಹೊರಬಿಡುವುದು. ಮಲಗುವಾಗ ಹೆಚ್ಚಿನವರಿಗೆ ನೀರಿರುವ ಮಗ್ಗುಲು ಕೆಳಗೆ ಮಾಡಿದರೆ ಹಿತ. ಉಸಿರು ಕಟ್ಟುತ್ತದೆ ಎಂದು ಅಲುಗಾಡದೆ ಕೂತರೆ ತೊಡೆಯ ಸ್ನಾಯು ಕರಗಿ, ಮರುವಾರ ಅದೇ ಅಂಗಳ ಇನ್ನೂ ಉದ್ದವಾಗುತ್ತದೆ. ಬೆಳಿಗ್ಗೆ ಸಂಜೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಅಂಗಳದಲ್ಲಿ ಮಾತಾಡುತ್ತ ನಡೆಯಬಲ್ಲಷ್ಟು ನಡಿಗೆ. ಮೊದಲಿನ ಅಂಕದ ಮಾತು ನೆನಪಿರಲಿ.

ಆಕ್ಸಿಜನ್ ಎಲ್ಲರಿಗೂ ಬೇಕಿಲ್ಲ. ಬೆರಳಿನ ಮೀಟರು 90ರ ಕೆಳಗೆ ನಿಂತವರಿಗೆ ಮಾತ್ರ. ಐದು ಲೀಟರಿನ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ, ಮನೆಯ ಒಂದು ಬ್ಯಾಟರಿಯ ಇನ್ವರ್ಟರ್ ಎರಡು ಮೂರು ಗಂಟೆಗೆ ಸುಸ್ತು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಎರಡು ದಿನ ಹೋಗುವ ಊರುಗಳಲ್ಲಿ ಒಂದು ಬಿ ಸೈಜಿನ ಸಿಲಿಂಡರ್ ಮೂಲೆಯಲ್ಲಿರಲಿ. ಅದರಲ್ಲಿ ಸುಮಾರು 1500 ಲೀಟರ್, ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ. ಒಲೆ, ಬಚ್ಚಲೊಲೆ, ದೇವರ ದೀಪ ಮೂರರಿಂದಲೂ ದೂರ ಇಡಬೇಕು. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹೊಗೆ ಇವರ ಕೋಣೆಯ ಕಡೆ ತಿರುಗದಂತೆ ಒಲೆಯ ಜಾಗ ಬದಲಿಸುವುದು ಖರ್ಚಿಲ್ಲದ ಉಪಕಾರ.

ನೋವು ಈ ಕಾಯಿಲೆಯಲ್ಲಿ ಪಕ್ಕೆಲುಬುಗಳ ನಡುವಿನ ನರವನ್ನೇ ಹಿಡಿಯುವುದರಿಂದ ಸುಡುವ, ಚುಚ್ಚುವ ಬಗೆಯದೂ ಇರುತ್ತದೆ. ಅದಕ್ಕೆ ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಜಾತಿಯ ಮಾತ್ರೆ ಸೇರಿಸದೆ ಬರೀ ನೋವಿನ ಮಾತ್ರೆ ಏರಿಸುತ್ತ ಹೋದರೆ ಫಲವಿಲ್ಲ. ಮಾರ್ಫಿನ್ ಅಂದರೆ ಕೊನೆಗಾಲ ಎಂಬ ಭಯವನ್ನು ಮನೆಯಿಂದ ಹೊರಗೆ ಕಳಿಸಬೇಕು. ವಯಸ್ಸು, ಕಿಡ್ನಿ ನೋಡಿ 2.5 ಅಥವಾ 5 ಮಿಲಿಗ್ರಾಂನಿಂದ, ನಾಲ್ಕು ಗಂಟೆಗೊಮ್ಮೆ, ಹೊತ್ತಿಗೆ ಸರಿಯಾಗಿ. ನೋವು ಬಂದಮೇಲೆ ಹುಡುಕುವುದಲ್ಲ. ಕಡಿಮೆ ಪ್ರಮಾಣದಲ್ಲಿ ಅದು ದಮ್ಮಿನ ಹಿಂಸೆಯನ್ನೂ ತಗ್ಗಿಸುತ್ತದೆ. ಮಲಬದ್ಧತೆ ಖಂಡಿತ ಆಗುವುದರಿಂದ ಮೊದಲ ದಿನದಿಂದಲೇ ಜೊತೆಗೆ ಮಲ ಸಡಿಲಿಸುವ ಮಾತ್ರೆ. 2014ರ ಕಾನೂನು ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಸುಲಭವಾಗಿದೆ. ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಸಿಗದು, ಹಾಗಾಗಿ ಮುಗಿಯುವ ಒಂದು ವಾರ ಮುಂಚೆ ತರಿಸಬೇಕು.

ಕಾಯಿಲೆಯವರಿಗೆ ಗಂಜಿ ಅನ್ನುವುದು ನಮ್ಮ ರೂಢಿ. ಐವತ್ತು ಕಿಲೋ ತೂಗುವವರಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು, ಐವತ್ತು ಗ್ರಾಂ ಅಕ್ಕಿಯ ಗಂಜಿಯಲ್ಲಿ ಇರುವುದು ಮೂರೂವರೆ ಗ್ರಾಂ. ಗಂಜಿ ಬೇಡವೆಂದಲ್ಲ, ಅರ್ಧ ಪಾಲು ಹೆಸರುಬೇಳೆ ಹಾಕಿ, ತುಪ್ಪ ಬಿಟ್ಟು ಕೊಡಿ. ಒಂದು ಮೊಟ್ಟೆಗೆ ಆರು ಗ್ರಾಂ, ಒಂದು ಲೋಟ ಹಾಲಿಗೆ ಅಷ್ಟೇ, ಒಂದು ಹಿಡಿ ನೆಲಗಡಲೆಗೆ ಏಳು, ನೂರು ಗ್ರಾಂ ಮೀನಿಗೆ ಇಪ್ಪತ್ತರ ಹತ್ತಿರ. ಹೀಗೆ ಕೂಡಿಸುತ್ತ ಆರು ಸಣ್ಣ ಊಟ. ನೀರು ತುಂಬಿದ ಎದೆ ಹೊಟ್ಟೆಯನ್ನೂ ಒತ್ತುವುದರಿಂದ ಒಂದೇ ಸಲ ತುಂಬ ಉಣ್ಣಲಾಗದು. ಬಾಯಿ ಕಬ್ಬಿಣದ ರುಚಿಯಾದಾಗ ಅಪ್ಪೆಮಿಡಿಯ ರಸ ನಾಲ್ಕು ತುತ್ತು ಒಳಗಿಳಿಸುತ್ತದೆ. ಬಾಯಿಹುಣ್ಣಿದ್ದರೆ ಅದೂ ಬೇಡ, ಎಲೆಅಡಿಕೆ ಸುಣ್ಣವಂತೂ ಬೇಡವೇ ಬೇಡ. ಬಿಳಿಕಣ ಕಡಿಮೆಯಿರುವ ವಾರ ಒಂದೆಲಗದ ಹಸಿ ತಂಬುಳಿ ಬಿಟ್ಟು, ಸೊಪ್ಪು ಬೇಯಿಸಿ ಮಾಡಿದ್ದು, ಅಂದಂದಿನ ಮೊಸರು. ತೂಕ ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ. ನೀರು ತುಂಬಿಕೊಂಡಾಗ ತೂಕ ಇಳಿಯದಂತೆ ಕಾಣುವುದರಿಂದ ತೋಳಿನ ಸುತ್ತಳತೆಯನ್ನೂ ನೋಡಬೇಕು.

ನಾಟಿ ಔಷಧದ ಬಗ್ಗೆ ಜಗಳ ಬೇಡ, ಮಲೆನಾಡಿನಲ್ಲಿ ಯಾರು ಬೈದರೂ ಜನ ತರುತ್ತಾರೆ. ತಂದಿದ್ದನ್ನು ಮುಚ್ಚಿಡಬಾರದು, ಅಷ್ಟೇ. ಚಕ್ಕೆಯ ಕಷಾಯ, ಭಸ್ಮಗಳು ಲಿವರ್, ಕಿಡ್ನಿಯ ರಿಪೋರ್ಟನ್ನು ಏರುಪೇರು ಮಾಡಿದರೆ ಡಾಕ್ಟರು ಅದನ್ನು ಕೀಮೋದ ತಪ್ಪೆಂದು ಭಾವಿಸಿ ಒಳ್ಳೆಯ ಔಷಧವನ್ನೇ ನಿಲ್ಲಿಸಿಬಿಡಬಹುದು.

ಮಾಡು, ಕಾಗದ

ಮಂಗಗಳು ಹಂಚು ಉಳಿಸುವುದಿಲ್ಲವೆಂದು ಎಷ್ಟೋ ಮನೆ, ಕೊಟ್ಟಿಗೆಗಳ ಮಾಡಿಗೆ ಸಿಮೆಂಟ್ ಶೀಟು ಏರಿದೆ. ಹಳೆಯ ಶೀಟುಗಳಲ್ಲಿರುವುದು ಬಿಳಿ ಆಸ್ಬೆಸ್ಟಾಸ್. ಒಡೆಯದೆ ಮೇಲಿರುವ ಶೀಟಿನ ಅಡಿ ಮಲಗಿದವರಿಗೆ ಅಪಾಯ ತೀರಾ ಕಡಿಮೆ, ರೋಗಿಯ ಮನೆಯಲ್ಲಿ ಗಾಬರಿಯಿಂದ ಕೀಳಿಸುವುದೇ ಹೆಚ್ಚು ಕೆಡುಕು. ಕೆಡುಕಾಗುವುದು ಮಳೆಗಾಲದ ಮುಂಚೆ ಪಾಚಿ ತೆಗೆಯಲು ತಂತಿ ಬ್ರಷ್ಷಿನಿಂದ ಉಜ್ಜುವಾಗ, ಜೆಟ್ ನೀರು ಹೊಡೆಸುವಾಗ, ಗ್ರೈಂಡರಿನಲ್ಲಿ ಕೊಯ್ಯುವಾಗ. ತೆಗೆಯಲೇಬೇಕಾದರೆ ಸೋಪುನೀರು ಚಿಮುಕಿಸಿ ತೋಯಿಸಿ, ಜೆ ಹುಕ್ಕುಗಳನ್ನು ಬಿಚ್ಚಿ, ಇಡೀ ಶೀಟನ್ನು ಕೈಯಿಂದ ಕೈಗೆ ಇಳಿಸಬೇಕು, ಎಸೆಯಬಾರದು. ಪಿ100 ಅಥವಾ ಎಫ್.ಎಫ್.ಪಿ.3 ದರ್ಜೆಯ ಮಾಸ್ಕ್ ಬೇಕು, ಟವೆಲು ಕಟ್ಟಿಕೊಂಡರೆ ಆಗದು. ಚೂರುಗಳನ್ನು ಒದ್ದೆಯಲ್ಲೇ ಆರಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಕು, ಒಣಗುಡಿಸಬಾರದು, ರಸ್ತೆಯ ಗುಂಡಿಗೆ ತುಂಬಬಾರದು.

ಕೆಲಸದಿಂದ ಬಂದ ಕಾಯಿಲೆ ಎಂದಾದರೆ ಕಾನೂನಿನ ಬಲವಿದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿವರೆಗೆ ಇಡಬೇಕೆಂದು ಹೇಳಿತು. ಆಸ್ಬೆಸ್ಟಾಸಿನಿಂದ ಬಂದ ಮೆಸೊಥೆಲಿಯೋಮಾ ಪರಿಹಾರ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಪಿ.ಎಫ್. ಚೀಟಿ, ಇ.ಎಸ್.ಐ. ನಂಬರು, ಹಳೆಯ ಗುರುತಿನ ಚೀಟಿ ಹುಡುಕಿಡಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಸ್ಬೆಸ್ಟಾಸ್ ಸಂಪರ್ಕದ ಇತಿಹಾಸವನ್ನು ಬರೆಸಿಕೊಳ್ಳಿ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಕೌಂಟರಿನಲ್ಲಿ ದಿನ ಹೋಗುವುದಿಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಮುಕ್ಕಾಲು. ಆಸ್ಪತ್ರೆಯ ನಮೂನೆ ಪತ್ರ ಬೇಕು. ಬಸ್ಸಿಗಿಂತ ರೈಲೇ ಒಳ್ಳೆಯದು, ನಡುವೆ ಎದ್ದು ಓಡಾಡಬಹುದು. ಈ ಕಾಯಿಲೆಯಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಒಂದೇ ಕಾಲು ಊದಿಕೊಂಡರೆ ಅದೇ ದಿನ ತೋರಿಸಬೇಕು.

ಇನ್ನು ‘ಅಪ್ಪಯ್ಯಂಗೆ ಹೇಳಬೇಡಿ ಡಾಕ್ಟ್ರೇ’ ಎಂಬ ಮಾತು. ಪ್ರೀತಿಯಿಂದಲೇ ಬರುತ್ತದೆ. ಆದರೆ ತನಗೆ ಏನಾಗಿದೆಯೆಂದು ತಿಳಿಯದವರು ಒಂಬತ್ತನೇ ದಿನದ ಜ್ವರವನ್ನು ಯಾಕೆ ಹೇಳಿಕೊಳ್ಳಬೇಕು? ಸೊಸೈಟಿ ಖಾತೆಯ ನಾಮಿನಿ, ತೋಟದ ಪಾಲು, ಯಾರನ್ನು ನೋಡಬೇಕು, ಯಾರಲ್ಲಿ ಮಾತಾಡಿ ಮುಗಿಸಬೇಕು ಎಂಬುದೆಲ್ಲ ಅವರದೇ ತೀರ್ಮಾನ. ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. ಅವರು ಕೇಳಿದಷ್ಟಕ್ಕೆ ಸುಳ್ಳಿಲ್ಲದ ಉತ್ತರ ಸಾಕು.

ತಿಂಗಳು ಎಣಿಸುವ ಬದಲು ಕೀಮೋದ ಇಪ್ಪತ್ತೊಂದು ದಿನವನ್ನು ಎಣಿಸುವುದು ಮೇಲು. ಮೊದಲ ವಾರ ವಾಕರಿಕೆ, ಸುಸ್ತು. ಎರಡನೇ ವಾರ ಜ್ವರದ ಕಾವಲು, ನೆಂಟರ ಗುಂಪು ದೂರವೇ ಇರಲಿ. ಮೂರನೇ ವಾರ ಬಾಯಿಗೆ ರುಚಿ ಮರಳುತ್ತದೆ, ಕಾಲಿಗೆ ಬಲ ಬರುತ್ತದೆ. ಮದುವೆ, ಮೊಮ್ಮಗಳ ನಾಮಕರಣ, ಭೂಮಿ ಹುಣ್ಣಿಮೆಯ ದಿನ ತೋಟಕ್ಕೆ ಹೋಗಿ ಬರುವುದು, ಎಲ್ಲಾ ಆ ವಾರಕ್ಕೆ. ಹೊಂದದಿದ್ದರೆ ಡೋಸನ್ನು ನಾಲ್ಕೈದು ದಿನ ಮುಂದೆ ಹಾಕಲಾದೀತೇ ಎಂದು ಡಾಕ್ಟರಲ್ಲಿ ಕೇಳಿ, ಹೆಚ್ಚಿನ ಸಲ ಒಪ್ಪುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಕೀಮೋದ ತಾರೀಕಿಗೆ ಕೆಂಪು ಸುತ್ತು, ಏಳರಿಂದ ಹದಿನಾಲ್ಕಕ್ಕೆ ಅಡ್ಡಗೆರೆ, ಮೂರನೇ ವಾರ ಖಾಲಿ. ಅಲ್ಲಿ ಏನು ಬರೆಯಬೇಕೆಂದು ಅಪ್ಪಯ್ಯನನ್ನೇ ಕೇಳಿ, ಪೆನ್ನನ್ನೂ ಅವರ ಕೈಗೇ ಕೊಡಿ.